ತೇಲುವ ಮರದ ಗಾತ್ರ ಹಾಗೆ ಸಿಗುವುದಿಲ್ಲ

ತೀರ್ಥಹಳ್ಳಿಯಿಂದ ನೀವು ಕಳಿಸಿದ, ತೇಲುವ ವಸ್ತುವಿನ ಸಾಂದ್ರತೆ (ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ ಅನ್ನುವುದು) ಕಂಡುಹಿಡಿಯುವ ಬಗೆಗಿನ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಹೈಸ್ಕೂಲ್ ಮಕ್ಕಳಿಗೂ ಅರ್ಥವಾಗುತ್ತದೆ. ಆದರೆ ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಎರಡು ಕಡೆ ನನಗೆ ಮುಂದೆ ಹೋಗಲು ಮನಸ್ಸೇ ಬರಲಿಲ್ಲ.

ಮೊದಲನೆಯದು: "ತೇಲುವ ವಸ್ತುವಿನ ಮೇಲೆ ನೀರಿನ ಮೇಲ್ಮುಖ ಬಲ ಅದರ ತೂಕಕ್ಕಿಂತ ಹೆಚ್ಚಿರುತ್ತದೆ." ಹೆಚ್ಚಿದ್ದರೆ ವಸ್ತು ಇನ್ನೂ ಮೇಲೇರಬೇಕಿತ್ತು, ಅಲ್ವಾ? ಸುಮ್ನೆ ನಿಂತಿದೆ ಅಂದರೆ ಎರಡೂ ಸಮ. 2025ರಲ್ಲಿ ಸೇತುವೆ ಆಗುವವರೆಗೂ ಸಿಗಂದೂರಿಗೆ ಹೋಗುವವರು ಶರಾವತಿ ಹಿನ್ನೀರಿನ ಹೊಳೆಬಾಗಿಲಲ್ಲಿ ಲಾಂಚ್ ಹತ್ತುತ್ತಿದ್ದರು. ನೀವೂ ಹತ್ತಿರಬಹುದು. ಬಸ್ಸು ಏರಿದರೆ ಲಾಂಚ್ ತುಸು ತಗ್ಗುತ್ತಿತ್ತು. ಬಸ್ಸಿನ ತೂಕದಷ್ಟು ನೀರು ಸರಿಯುವವರೆಗೆ ತಗ್ಗಿ, ಅಲ್ಲಿಗೇ ನಿಲ್ಲುತ್ತಿತ್ತು.

ಎರಡನೆಯದು ಇನ್ನೂ ದೊಡ್ಡದು: "ಪಾತ್ರೆಯ ತುಂಬ ನೀರು ತುಂಬಿ ಮರದ ತುಂಡನ್ನು ಬಿಡಿ. ಚೆಲ್ಲಿದ ನೀರಿನ ಗಾತ್ರವೇ ತುಂಡಿನ ಗಾತ್ರ. ತೂಕವನ್ನು ಇದರಿಂದ ಭಾಗಿಸಿ." ಕಲ್ಲಿಗಾದರೆ ಸರಿ. ತೇಲುವ ಮರ ಚೆಲ್ಲುವುದು ತನ್ನ ಮುಳುಗಿದ ಭಾಗದಷ್ಟು ನೀರನ್ನು ಮಾತ್ರ. ಆ ನೀರಿನ ತೂಕ ಮರದ ತೂಕಕ್ಕೆ ಸಮ. 60 ಗ್ರಾಂ ತುಂಡು 60 ಗ್ರಾಂ ನೀರು ಚೆಲ್ಲುತ್ತದೆ. ಅದು 60 ಘನ ಸೆಂ.ಮೀ. ಭಾಗಿಸಿದರೆ 1. ಹಲಸು ಹಾಕಿದರೂ 1, ಸಾಗುವಾನಿ ಹಾಕಿದರೂ 1, ಬೆಂಡು, ಮಂಜುಗಡ್ಡೆ ಹಾಕಿದರೂ 1. ನಿಮ್ಮ ದಾರಿಯಲ್ಲಿ ಹೋದರೆ ತೇಲುವ ಎಲ್ಲದಕ್ಕೂ ನೀರಿನ ಸಾಂದ್ರತೆಯೇ ಬರುತ್ತದೆ! ಆದರೂ ಕೆಳಗೆ ಸಾಗುವಾನಿಗೆ 0.65 ಅಂತ ಉತ್ತರ ಕೊಟ್ಟಿದ್ದೀರಿ. ಅದು ಪುಸ್ತಕದ ಪಟ್ಟಿಯಿಂದ ಬಂದದ್ದು, ಪಾತ್ರೆಯಿಂದಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲೇ.

ನಾನು ಕೆಲಸ ಕಲಿತದ್ದು ಶಿವಮೊಗ್ಗದಲ್ಲಿ ಅಚ್ಚುಮೊಳೆ ಜೋಡಿಸುವ ಒಂದು ಪ್ರೆಸ್ಸಿನಲ್ಲಿ. ಅಲ್ಲಿನ ಹಿರಿಯ ಸಂಪಾದಕರು ವಿಜ್ಞಾನದ ಬರಹ ಕೊಟ್ಟರೆ ಓದುವ ಮೊದಲೇ "ಮಾಡಿ ನೋಡಿದ್ಯಾ?" ಅಂತ ಕೇಳುತ್ತಿದ್ದರು. ಇಲ್ಲ ಅಂದರೆ ಹಾಳೆ ವಾಪಸ್. ತೇಲುವಿಕೆಯ ಬಗ್ಗೆ ಬರೆಯುತ್ತೇನೆ ಅಂದ ದಿನ ದೊಡ್ಡಕ್ಷರದ ಮರದ ಮೊಳೆಯೊಂದನ್ನು ಕೈಗಿತ್ತು ಬಾವಿಕಟ್ಟೆಗೆ ಕಳಿಸಿದರು. ಬಕೆಟ್ಟಿನಲ್ಲಿ ಅದನ್ನು ಮುಳುಗಿಸಿ ಹಿಡಿದರೆ ಮಸಿ ಹತ್ತಿದ ಬೆರಳನ್ನು ನೀರು ಮೇಲಕ್ಕೆ ನೂಕುತ್ತಿತ್ತು. ನಿಮ್ಮ ಲೇಖನದಲ್ಲಿ ಇಲ್ಲದ್ದು ಆ ನೂಕು. ಮರದ ಗಾತ್ರ ತಿಳಿಯುವುದೇ ಅದರಿಂದ.

ಹೀಗೆ ಮಾಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಅರ್ಧ ನೀರಿರುವ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ತುಂಡನ್ನು ತೇಲಬಿಡಿ. ತಕ್ಕಡಿ ತೋರಿಸುವುದು ತುಂಡಿನ ತೂಕ, 60 ಅಂತಿಟ್ಟುಕೊಳ್ಳಿ. ಈಗ ತೆಳು ಸೂಜಿಯಿಂದ ಅದನ್ನು ಪೂರ್ತಿ ಮುಳುಗುವಷ್ಟು ಒತ್ತಿ ಹಿಡಿಯಿರಿ. ತಕ್ಕಡಿ 100ಕ್ಕೆ ಏರಿದರೆ ಪೂರ್ತಿ ಮುಳುಗಿದ ತುಂಡು ಸರಿಸಿದ ನೀರು 100 ಗ್ರಾಂ, ಅಂದರೆ ತುಂಡಿನ ಗಾತ್ರ 100 ಘನ ಸೆಂ.ಮೀ. ಹೆಚ್ಚಾದ 40 ನಿಮ್ಮ ಕೈ ಒತ್ತಿದ್ದು. 60ನ್ನು 100ರಿಂದ ಭಾಗಿಸಿ: ಘನ ಸೆಂ.ಮೀ.ಗೆ 0.6 ಗ್ರಾಂ. ಬೆರಳಿಂದ ಒತ್ತಬೇಡಿ, ಬೆರಳೂ ನೀರು ಸರಿಸುವುದರಿಂದ ಅಂಕಿ ಜಾಸ್ತಿ ಬರುತ್ತದೆ. ತುಂಡು ತಳಕ್ಕೆ, ಬದಿಗೆ ತಾಗಬಾರದು. ಗಾಳಿಗುಳ್ಳೆ ಅಂಟಿದ್ದರೆ ಬಿಡಿಸಿ. ಒಣಮರ ನೀರು ಕುಡಿಯುತ್ತದೆ, ಬೇಗ ಮುಗಿಸಿ.

ಹಲಸು, ಸಾಗುವಾನಿ ಎರಡನ್ನೂ ಅಳೆದು ಲೇಖನವನ್ನು ಮತ್ತೆ ಬರೆಯಿರಿ. ಮರ ಹಸಿಯೋ, ಒಣಗಿದ್ದೋ ತಿಳಿಸಿ. ನಮ್ಮ ಮಳೆಗಾಲದಲ್ಲಿ ಒಂದೇ ಹಲಗೆಯ ತೂಕವೂ ಬದಲಾಗುತ್ತದೆ. ನಿಮಗೆ ಬಂದ ಅಂಕಿ ಪುಸ್ತಕಕ್ಕೆ ಹೊಂದದಿದ್ದರೂ ತಿದ್ದದೆ ಹಾಗೇ ಕಳಿಸಿ. ನಾನು ಓದುತ್ತೇನೆ.