ರಾಯಚೂರಿನ ಮಾಳಿಗೆ ಮೇಲಿನ ದಾಸವಾಳ, ಗುಲಾಬಿ, ಮಲ್ಲಿಗೆ: ಔಷಧಿ ಹೊಡೆಯುವ ಮೊದಲು ಇಷ್ಟು ಮಾಡಿ

ಅಕ್ಕ, ಮಾಳಿಗೆ ಗಿಡಗಳಿಗೆ ಏನಾಗಿದೆ ಎಂದು ಕೇಳಿ ನೀವು ಪೋಸ್ಟಿನಲ್ಲಿ ಹಾಕಿದ ಮೂರೂ ಫೋಟೋ ದೊಡ್ಡದು ಮಾಡಿ ನೋಡಿದೆ. ದಾಸವಾಳದ ತುದಿಗೆ ಬಿಳಿ ಹತ್ತಿಯಂಥದ್ದು ಮೆತ್ತಿಕೊಂಡಿದೆ, ಗುಲಾಬಿ ಎಲೆ ಧೂಳು ಹಿಡಿದಂತೆ ಕಂದಿದೆ, ಮಲ್ಲಿಗೆ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತಿದೆ. ಮೂರಕ್ಕೂ ಒಂದೇ ಔಷಧಿ ಹೇಳಿ ಎಂದು ಕೇಳಿದ್ದೀರಿ. ಅಂಥ ಔಷಧಿ ಇಲ್ಲ, ಯಾಕೆಂದರೆ ಇವು ಮೂರು ಬೇರೆ ಬೇರೆ ಜೀವಿಗಳ ಕೆಲಸ. ನಿಮ್ಮ ಪೋಸ್ಟಿಗೆ ಉತ್ತರವಾಗಿ ಒಬ್ಬರು ನಾಲ್ಕು ದಿನಕ್ಕೊಮ್ಮೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹೊಡೆಯಿರಿ ಎಂದಿದ್ದಾರೆ, ಇನ್ನೊಬ್ಬರು ಮನೆಯಲ್ಲಿ ಉಳಿದ ಹಳೇ ಡೈಕ್ಲೋರ್ವಾಸ್ ಕೀಟನಾಶಕದ ಬಾಟಲಿ ನೆನಪು ಮಾಡಿದ್ದಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಡೈಕ್ಲೋರ್ವಾಸ್ ಬಳಕೆ ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧ. ಇಮಿಡಾಕ್ಲೋಪ್ರಿಡ್ ವಿಷಯಕ್ಕೆ ಗುಲಾಬಿ ಬಂದಾಗ ಬರುತ್ತೇನೆ.

ಮೊದಲು ಕುಂಡಗಳ ಮಾತು. ನಾನೂ ಬಳ್ಳಾರಿಯವಳು, ಈ ಬಿಸಿಲು ನನಗೆ ಹೊಸದಲ್ಲ. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟಿದ ಮೇಲೆ ಮಾಳಿಗೆಯ ಸಿಮೆಂಟು ಮತ್ತು ಕಪ್ಪು ಪ್ಲಾಸ್ಟಿಕ್ ಕುಂಡ ಸೇರಿ ಬೇರನ್ನು ಬೇಯಿಸುತ್ತವೆ. ನಿಮ್ಮ ಫೋಟೋದಲ್ಲಿ ಎಲ್ಲ ಕುಂಡ ನೇರವಾಗಿ ನೆಲದ ಮೇಲೇ ಇವೆ, ಅದೂ ಪಶ್ಚಿಮದ ಗೋಡೆ ಪಕ್ಕ. ಬೇರು ಸೊರಗಿದ ಗಿಡಕ್ಕೇ ನುಸಿ, ತಿಗಣೆಯಂಥ ರಸ ಹೀರುವ ಜೀವಿಗಳು ಮೊದಲು ಹತ್ತುವುದು. ಹಾಗಾಗಿ ಇವತ್ತೇ ಪ್ರತಿ ಕುಂಡದ ಕೆಳಗೆ ಎರಡು ಇಟ್ಟಿಗೆ ಇಡಿ, ಕೆಳಗೆ ಗಾಳಿ ಆಡಲಿ. ಕುಂಡಗಳನ್ನು ಒತ್ತಾಗಿ ಗುಂಪು ಮಾಡಿ, ದೊಡ್ಡವು ಹೊರಗೆ, ಚಿಕ್ಕವು ಒಳಗೆ. ಬಿಸಿಲಿನ ಕಡೆ ಇರುವ ಕುಂಡಕ್ಕೆ ಗೋಣಿಚೀಲ ಸುತ್ತಿ ಅಥವಾ ಸುಣ್ಣ ಬಳಿಯಿರಿ. ಮಣ್ಣಿನ ಮೇಲೆ ಒಣ ಎಲೆ, ತೆಂಗಿನ ನಾರು, ಏನಾದರೂ ಎರಡು ಇಂಚು ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಸಾಧ್ಯವಾದರೆ ಮಧ್ಯಾಹ್ನದ ಬಿಸಿಲಿಗೆ ಅರ್ಧ ಬಿಸಿಲು ತಡೆಯುವ (50 ಪರ್ಸೆಂಟ್) ನೆರಳು ಪರದೆ ಕಟ್ಟಿ. ದಾಸವಾಳ, ಗುಲಾಬಿಗೆ ಬೆಳಗಿನ ಬಿಸಿಲು ಸಾಕು.

ನೀರು ಬೆಳಗ್ಗೆ ಏಳರೊಳಗೆ, ಕುಂಡದ ತಳದ ತೂತಿನಿಂದ ಹೊರಬರುವವರೆಗೆ. ಸಂಜೆ ಬೆರಳು ಒಂದೂವರೆ ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಮತ್ತೆ. ಮಧ್ಯಾಹ್ನ ಎರಡು ಗಂಟೆಗೆ ದಾಸವಾಳ ಎಲೆ ಜೋತು ಬಿಟ್ಟರೆ ಗಾಬರಿಯಾಗಿ ನೀರು ಸುರಿಯಬೇಡಿ. ಸಂಜೆಗೆ ತಾನೇ ಎದ್ದು ನಿಂತರೆ ಅದಕ್ಕೆ ನೀರಿನ ಕೊರತೆ ಇಲ್ಲ. ಬಿಸಿಲಿಗೆ ಬಿದ್ದ ಪೈಪಿನ ಮೊದಲ ನೀರು ಸುಡುತ್ತದೆ, ಅದನ್ನು ಬಕೆಟ್‌ಗೆ ಬಿಟ್ಟುಬಿಡಿ. ಈಗ ಯೂರಿಯಾ, ಡಿಎಪಿಯಂಥ ಗೊಬ್ಬರ ಯಾವುದೂ ಬೇಡ. ಹೆಚ್ಚು ಸಾರಜನಕ ಕೊಟ್ಟರೆ ಮೆತ್ತನೆಯ ಚಿಗುರು ಬರುತ್ತದೆ, ಆ ಚಿಗುರಿನ ರಸಕ್ಕೇ ತಿಗಣೆ ಕಾದಿರುತ್ತದೆ. ಕುಂಡ ಬದಲಿಸುವುದು, ಗುಲಾಬಿಯನ್ನು ಬೋಳಾಗಿ ಕತ್ತರಿಸುವುದು ಕೂಡ ಈಗ ಬೇಡ. ಗುಲಾಬಿ ಪ್ರೂನಿಂಗ್‌ಗೆ ನಮ್ಮ ಕಡೆ ಮಳೆ ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ ಕಾಲ.

ಈಗ ದಾಸವಾಳ. ತುದಿಗೆ ಮೆತ್ತಿದ ಆ ಬಿಳಿ ಹತ್ತಿಯಂಥದ್ದು ಹಿಟ್ಟು ತಿಗಣೆ (ಮೀಲಿಬಗ್). ತುದಿ ಎಲೆಗಳು ಮುದುಡಿ, ಗಂಟು ಕಟ್ಟಿ ಕೋಸಿನಂತೆ ಆಗಿವೆಯಲ್ಲ, ಅದು ತಿಗಣೆ ರಸ ಹೀರುವಾಗ ಬಿಡುವ ಜೊಲ್ಲಿನ ಪರಿಣಾಮ. ಆ ಗಂಟಿನ ಒಳಗೆ ಯಾವ ಸ್ಪ್ರೇಯೂ ಹೋಗುವುದಿಲ್ಲ, ಮೇಲಾಗಿ ಅವುಗಳ ಮೈಮೇಲೆ ಮೇಣದ ಪುಡಿ ಇರುವುದರಿಂದ ನೀರು ಜಾರಿಹೋಗುತ್ತದೆ. ಒಂದೊಂದು ಹತ್ತಿಯಂಥ ಗೂಡಿನಲ್ಲಿ ನೂರಾರು ಮೊಟ್ಟೆ. ಅದಕ್ಕೇ ಮೊದಲ ಔಷಧಿ ಕತ್ತರಿ. ಮುದುಡಿದ ತುದಿಗಳನ್ನು ಮೂರು ಇಂಚು ಕೆಳಗೆ ಕತ್ತರಿಸಿ, ನೇರವಾಗಿ ಸೋಪಿನ ನೀರಿನ ಬಕೆಟ್‌ಗೆ ಬೀಳಿಸಿ. ಮಾಳಿಗೆಯಿಂದ ಕೆಳಗೆ ಎಸೆಯಬೇಡಿ, ಕಾಂಪೋಸ್ಟಿಗೂ ಬೇಡ. ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ನಡೆದೂ ಬರುತ್ತವೆ, ಗಾಳಿಗೆ ತೂರಿಯೂ ಬರುತ್ತವೆ. ಕತ್ತರಿಯನ್ನು ಆಮೇಲೆ ತೊಳೆಯಿರಿ.

ಕಾಂಡದ ಮೇಲೆ ಅಲ್ಲಲ್ಲಿ ಉಳಿದವಕ್ಕೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಬ್ರಷ್‌ನಲ್ಲಿ ಉಜ್ಜಿ, ನೀರಿನ ಜೋರು ಧಾರೆ ಬಿಡಿ. ನಾಲ್ಕಾರು ಮಾತ್ರ ಇದ್ದರೆ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಇಯರ್ ಬಡ್ ಮುಟ್ಟಿಸಿದರೂ ಸಾಯುತ್ತವೆ. ಆಮೇಲೆ ಸೋಪಿನ ನೀರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು ಸಿಕ್ಕರೆ ಒಳ್ಳೆಯದು, ಲೀಟರಿಗೆ 5ರಿಂದ 10 ಗ್ರಾಂ ತುರಿದು ಕರಗಿಸಿ. ನಿಮ್ಮ ಬೋರ್ ನೀರು ಗಡಸಿದ್ದರೆ ಸೋಪು ಕರಗದೆ ಮೊಸರಿನ ಹಾಗೆ ಒಡೆಯುತ್ತದೆ. ಆಗ ಫಿಲ್ಟರ್ ನೀರು ಬಳಸಿ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಮಾತ್ರ ಬೇಡ, ಎಲೆ ಸುಟ್ಟುಹೋಗುತ್ತದೆ. ಸೋಪಿನ ನೀರನ್ನು ಬೆಳಗಿನ ಜಾವ ತಂಪಿದ್ದಾಗ ಸಿಂಪಡಿಸಿ, ಗಂಟೆ ಬಿಟ್ಟು ಬಿಸಿಲೇರುವ ಮೊದಲು ಬರೀ ನೀರಿನಲ್ಲಿ ತೊಳೆದುಬಿಡಿ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಲೇಬೇಕು, ಯಾಕೆಂದರೆ ಮೊಟ್ಟೆಗೆ ಸೋಪು ನಾಟುವುದಿಲ್ಲ, ಒಡೆದು ಬಂದ ಮರಿಗೆ ನಾಟುತ್ತದೆ.

ಇರುವೆ ನೋಡಿದಿರಾ? ಮೂರನೇ ಫೋಟೋದಲ್ಲಿ ಕಾಂಡದುದ್ದಕ್ಕೂ ಸಾಲು ಕಾಣುತ್ತಿದೆ. ತಿಗಣೆ ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಅದಕ್ಕೆ ಬದಲಾಗಿ ತಿಗಣೆಯ ಶತ್ರುಗಳನ್ನು ಹತ್ತಿರ ಸೇರಿಸುವುದಿಲ್ಲ. ಆ ಅಂಟಿನ ಮೇಲೇ ಎಲೆಗೆ ಮಸಿ ಬಳಿದಂಥ ಕಪ್ಪು ಬೂಷ್ಟು ಕೂರುವುದು. ಇರುವೆ ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ. ಕುಂಡವನ್ನು ಸ್ಟ್ಯಾಂಡಿನ ಮೇಲೆ ಇಟ್ಟಿದ್ದರೆ ಅದರ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಡಿ (ಸೊಳ್ಳೆ ಆಗದಂತೆ ನೀರು ಬದಲಿಸುತ್ತಿರಿ), ಗೋಡೆಗೋ ಪಕ್ಕದ ಬಳ್ಳಿಗೋ ತಾಗಿದ ಕೊಂಬೆ ಕತ್ತರಿಸಿ, ಇರುವೆಗೆ ಅದೇ ಸೇತುವೆ.

ಇಲ್ಲಿ ಒಂದು ವಿಷಯ ಬಹಳ ಮುಖ್ಯ. ಉಜ್ಜುವ ಮೊದಲು ಐದು ನಿಮಿಷ ಗಿಡದ ಮುಂದೆ ಕೂತು ನೋಡಿ. ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಮೈತುಂಬ ಉದ್ದುದ್ದ ಬಿಳಿ ಎಳೆ ಜೋತಾಡುವ ಒಂದು ಹುಳು ಸರಸರ ಓಡಾಡುತ್ತಿದ್ದರೆ ಅದನ್ನು ಕೊಲ್ಲಬೇಡಿ. ಅದು ತಿಗಣೆ ಅಲ್ಲ, ತಿಗಣೆ ತಿನ್ನುವ ಕ್ರಿಪ್ಟೋಲೇಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಕಡ್ಡಿಯಲ್ಲಿ ಮುಟ್ಟಿದರೆ ತಿಗಣೆ ಕದಲದಷ್ಟು ನಿಧಾನ, ಇದು ತಕ್ಷಣ ಓಡುತ್ತದೆ. ದೊಡ್ಡದಾದಾಗ ಕಡಲೆಗಿಂತ ಚಿಕ್ಕ ದುಂಡು ದುಂಬಿ, ಬೆನ್ನು ಕಪ್ಪು, ತಲೆ ಮತ್ತು ಹಿಂಭಾಗ ಕಿತ್ತಳೆ. ಮೂಲ ಆಸ್ಟ್ರೇಲಿಯಾದ್ದು, ಕಾಫಿ ಗಿಡಕ್ಕೆ ಅಂಟಿ ರಸ ಹೀರುವ ಹಸಿರು ಶಲ್ಕ ಕೀಟಕ್ಕೆಂದು 1898ರಲ್ಲಿ ಭಾರತಕ್ಕೆ ತಂದರು, ದಕ್ಷಿಣದಲ್ಲಿ ನೆಲೆಯೂರಿತು. ಎಷ್ಟೋ ಮನೆಗಳಲ್ಲಿ "ದೊಡ್ಡ ತಿಗಣೆ" ಎಂದು ಮೊದಲು ಹೊಸಕಿ ಹಾಕುವುದು ಇದನ್ನೇ. ಇದು ಇದ್ದರೆ ಸೋಪನ್ನೂ ಹೊಡೆಯದೆ ಹತ್ತು ದಿನ ಬಿಟ್ಟು ನೋಡಿ.

ನಂಬಿಕೆ ಬರಲೆಂದು ಇನ್ನೊಂದು ಹೇಳುತ್ತೇನೆ. ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡಿತು, ಬೇಗನೆ ನಮ್ಮ ಕಡೆಯ ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳದ ಮೇಲೆಲ್ಲ ಹಬ್ಬಿತು. ರೈತರು ಸಿಕ್ಕ ಸಿಕ್ಕ ವಿಷ ಹೊಡೆದರೂ ಜಗ್ಗಲಿಲ್ಲ. 2010ರಲ್ಲಿ ಬೆಂಗಳೂರು ಹೆಬ್ಬಾಳದ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಅಸಿರೋಫೇಗಸ್ ಎಂಬ ಗುಂಡುಸೂಜಿ ತಲೆಗಿಂತ ಚಿಕ್ಕ, ತಿಗಣೆಯ ಮೈಯೊಳಗೇ ಮೊಟ್ಟೆ ಇಡುವ ಪರಾವಲಂಬಿ ಕಣಜ ತರಿಸಿ, ಬೆಳೆಸಿ, ಬಿಟ್ಟರು. ಅದೇ ಹತೋಟಿಗೆ ತಂದಿತು. ನಿಮ್ಮ ಮಾಳಿಗೆಯಲ್ಲೂ ತಿಗಣೆ ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಬೆನ್ನಲ್ಲಿ ದುಂಡು ತೂತು ಬಿದ್ದಿದ್ದರೆ ಇಂಥ ಕಣಜಗಳು ಕೆಲಸ ಮಾಡುತ್ತಿವೆ ಎಂದರ್ಥ. ವಿಷ ಹೊಡೆದರೆ ಮೊದಲು ಸಾಯುವುದು ಇವೇ.

ಮನೆ ಸುತ್ತ ಪಾರ್ಥೇನಿಯಂ ಕಳೆ ಇದ್ದರೆ ಹೂ ಬಿಡುವ ಮೊದಲೇ ಕಿತ್ತುಹಾಕಿ, ತಿಗಣೆ ಅಲ್ಲಿಯೂ ಬದುಕುತ್ತದೆ. ಹತ್ತಿರದಲ್ಲಿ ಹತ್ತಿ ಹೊಲವಿದ್ದು, ಹತ್ತಿಕಟ್ಟಿಗೆ ಕಿತ್ತು ಮನೆ ಮುಂದೆ ಒಟ್ಟಿದ್ದರೆ ಅದನ್ನೂ ನೋಡಿ. ಹತ್ತಿಯ ಹಿಟ್ಟು ತಿಗಣೆಗೆ ದಾಸವಾಳ ಬಹಳ ಇಷ್ಟ.

ಇನ್ನು ಗುಲಾಬಿ. ಎಲೆ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕಿ, ಆಮೇಲೆ ಇಡೀ ಎಲೆ ತಾಮ್ರದ ಬಣ್ಣ, ಕೆಳಗೆ ತೆಳು ಬಲೆ: ಇದು ಕೆಂಪು ಜೇಡ ನುಸಿ. ಖಾತ್ರಿ ಮಾಡಿಕೊಳ್ಳಲು ಬಿಳಿ ಹಾಳೆ ಹಿಡಿದು ಅದರ ಮೇಲೆ ಎಲೆಯನ್ನು ತಟ್ಟಿ. ಉದುರಿದ ಧೂಳಿನ ಕಣಗಳಲ್ಲಿ ಕೆಲವು ನಡೆಯತೊಡಗಿದರೆ ನುಸಿಯೇ. ಇದು ಕೀಟವಲ್ಲ, ಎಂಟು ಕಾಲಿನ ಜೇಡದ ಬಳಗ. ಇಮಿಡಾಕ್ಲೋಪ್ರಿಡ್ ಇದಕ್ಕೆ ನಾಟುವುದಿಲ್ಲ. ನಾಟದಿದ್ದರೆ ಹೋಗಲಿ, ಅದನ್ನು ಹೊಡೆದ ಗಿಡಗಳಲ್ಲಿ ಜೇಡ ನುಸಿ ಮೊದಲಿಗಿಂತ ಹೆಚ್ಚುವುದನ್ನು ಎಷ್ಟೋ ಕಡೆ ಕಂಡಿದ್ದಾರೆ. ನುಸಿ ತಿನ್ನುವ ಜೀವಿಗಳು ಸಾಯುವುದು ಒಂದು ಕಾರಣ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕಗಳಿಗೂ ಇದೇ ಮಾತು. ಜೊತೆಗೆ ಇಮಿಡಾಕ್ಲೋಪ್ರಿಡ್ ಗಿಡದ ರಸದಲ್ಲಿ ಸೇರಿ ಹೂವಿನ ಮಕರಂದಕ್ಕೂ ಹೋಗುತ್ತದೆ, ಜೇನಿಗೆ ಅಪಾಯ.

ಜೇಡ ನುಸಿಗೆ ಬಿಸಿ ಮತ್ತು ಒಣ ಗಾಳಿ ಎಂದರೆ ಹಬ್ಬ. ಮೂವತ್ತು ಡಿಗ್ರಿಯಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ವಾರವೊಂದು ಸಾಕು. ಅದಕ್ಕೆ ಆಗದ್ದು ನೀರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಎಲೆಯ ಅಡಿಭಾಗಕ್ಕೆ ಕೆಳಗಿನಿಂದ ಮೇಲಕ್ಕೆ ಧಾರೆ ಬಿಡಿ. ದಿನ ಬಿಟ್ಟು ದಿನ, ಬೆಳಗ್ಗೆ, ಎರಡು ವಾರ. ಮೇಲಿನಿಂದ ನೀರು ಹಾಕಿದರೆ ಏನೂ ಪ್ರಯೋಜನವಿಲ್ಲ. ಬಲೆ ಕಟ್ಟಿದ, ಪೂರ್ತಿ ಕಂದಿದ ಕೆಳಗಿನ ಎಲೆಗಳನ್ನು ಕಿತ್ತುಬಿಡಿ, ಆದರೆ ಗಿಡವನ್ನು ಬೋಳು ಮಾಡಬೇಡಿ. ಎಲೆ ಮೇಲಿನ ಧೂಳನ್ನೂ ತೊಳೆಯಿರಿ, ಧೂಳು ಕೂತಲ್ಲಿ ನುಸಿ ಬೇಗ ಹೆಚ್ಚುತ್ತದೆ. ಬರೀ ಇಷ್ಟರಲ್ಲೇ ಹೆಚ್ಚಿನ ಗಿಡ ಚೇತರಿಸಿಕೊಳ್ಳುತ್ತವೆ.

ಆದರೂ ಹೊಸ ಚಿಗುರಿಗೆ ಹತ್ತಿದರೆ ಬೇವಿನ ಎಣ್ಣೆ. 5 ಮಿಲಿ ಎಣ್ಣೆಗೆ 1 ಮಿಲಿ ದ್ರವ ಸೋಪು ಹಾಕಿ, ಸ್ವಲ್ಪ ಉಗುರುಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ಕದಡಿ ಹಾಲಿನ ಬಣ್ಣ ಬಂದ ಮೇಲೆ ಒಂದು ಲೀಟರ್ ಮಾಡಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಹೊಡೆಯಬೇಡಿ. ಬೇವಿನ ಸತ್ವ ಬಿಸಿಲಿಗೆ ಬೇಗ ಹಾಳಾಗುತ್ತದೆ, ಮೇಲಾಗಿ ಎಣ್ಣೆ ಮೆತ್ತಿದ ಎಲೆ ಬಿಸಿಲಿಗೆ ಸುಡುತ್ತದೆ. ಆದ್ದರಿಂದ ರಾತ್ರಿ, ಗಾಳಿ ತಣ್ಣಗಾದ ಮೇಲೆ, ಆ ದಿನ ಬೆಳಗ್ಗೆ ನೀರು ಚೆನ್ನಾಗಿ ಕುಡಿದ ಗಿಡಕ್ಕೆ ಮಾತ್ರ. ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ. ನೀರಿನಲ್ಲಿ ಕರಗುವ ಗಂಧಕ ನುಸಿಗೆ ಒಳ್ಳೆಯ ಔಷಧಿಯೇ, ಆದರೆ ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಎಲೆ ಸುಟ್ಟುಬಿಡುತ್ತದೆ. ಅದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ, ಬೇವಿನ ಎಣ್ಣೆ ಹೊಡೆದು ಎರಡು ವಾರದೊಳಗಂತೂ ಯಾವ ಕಾಲಕ್ಕೂ ಬೇಡ. ಎಲ್ಲ ಮಾಡಿಯೂ ಗಿಡ ಉಳಿಯುವುದಿಲ್ಲ ಎನ್ನಿಸಿದರೆ ಗುಲಾಬಿಯ ಜೇಡ ನುಸಿಗೆ ಎಂದು ಲೇಬಲ್‌ನಲ್ಲೇ ಬರೆದಿರುವ ನುಸಿನಾಶಕ ತಂದು, ಲೇಬಲ್‌ನ ಪ್ರಮಾಣದಲ್ಲಿ, ಜೇನು ಗೂಡಿಗೆ ಹೋದ ಮೇಲೆ ಒಂದೇ ಸಲ.

ಗುಲಾಬಿ ಮೊಗ್ಗು ಅರಳದೆ ದಳದ ಅಂಚು ಕಂದಾಗುವುದು ಬೇರೆ, ಅದು ಥ್ರಿಪ್ಸ್ ಎಂಬ ಸಣ್ಣ ರಸ ಹೀರುವ ಕೀಟದ ಕೆಲಸ. ಅಂಥ ಮೊಗ್ಗು ಕಿತ್ತು ಸೋಪಿನ ನೀರಿಗೆ ಹಾಕಿ, ಗಿಡದ ಎತ್ತರಕ್ಕೆ ನೀಲಿ ಅಂಟು ಹಾಳೆ ತೂಗುಹಾಕಿ. ಬೋಗನ್‌ವಿಲ್ಲಾ ಹೂ ಬಿಡುತ್ತಿಲ್ಲ ಎಂದಿರಿ: ನೀರು ಕಡಿಮೆ ಮಾಡಿ, ಬಿಸಿಲಿಗೆ ಇಡಿ, ಅಷ್ಟೇ. ಅಡೇನಿಯಂ ಕೂಡ ಬಿಸಿಲಿನ ಗಿಡ, ಆದರೆ ನುಸಿ ಅದನ್ನೂ ಬಿಡುವುದಿಲ್ಲ, ಎಲೆ ಅಡಿ ನೋಡುತ್ತಿರಿ. ಖಾಲಿ ಕುಂಡಗಳಿಗೆ ಈಗ ಜಿನ್ನಿಯಾ, ಟೇಬಲ್ ರೋಸ್ ಹಾಕಿ, ಈ ಬಿಸಿಲಿಗೆ ಅವೇ ಸರಿ.

ಮಲ್ಲಿಗೆಯ ಬಗ್ಗೆ ಮಾತ್ರ ಫೋಟೋ ನೋಡಿ ತೀರ್ಮಾನ ಹೇಳಲಾರೆ. ಮೊಗ್ಗು ನೇರಳೆಯಾಗಲು ಎರಡು ಕಾರಣ. ಒಂದು ಮೊಗ್ಗು ಕೊರೆಯುವ ಹುಳು: ಮೊಗ್ಗಿನಲ್ಲಿ ಸಣ್ಣ ತೂತು ಇರುತ್ತದೆ, ಕೆಲವೊಮ್ಮೆ ನಾಲ್ಕೈದು ಮೊಗ್ಗು ನೂಲಿನಲ್ಲಿ ಅಂಟಿಕೊಂಡಿರುತ್ತವೆ, ಒಳಗೆ ಕಪ್ಪು ತಲೆಯ ಹಸಿರು ಮರಿ. ಇನ್ನೊಂದು ಮೊಗ್ಗಿನ ನೊಣ: ಮೊಗ್ಗು ಉದ್ದ ಬೆಳೆಯದೆ ಬುಡದಲ್ಲಿ ಊದಿಕೊಳ್ಳುತ್ತದೆ, ಒಳಗೆ ಎಳ್ಳಿಗಿಂತ ಸಣ್ಣ ಬಿಳಿ ಹುಳುಗಳು. ಈ ನೊಣದ ಹುಳು ಕೆಳಗೆ ಬಿದ್ದು ಮಣ್ಣಿನಲ್ಲಿ ಕೋಶವಾಗುತ್ತದೆ, ಹಾಗಾಗಿ ಮೇಲೆ ಎಷ್ಟು ಹೊಡೆದರೂ ಮಣ್ಣಿನಿಂದ ಮತ್ತೆ ಏಳುತ್ತದೆ. ಮಲ್ಲಿಗೆ ಕುಂಡದ ಹೊದಿಕೆ ತೆಗೆದು, ಮೇಲಿನ ಒಂದಿಂಚು ಮಣ್ಣು ಕೆದಕಿ ಬಿಸಿಲಿಗೆ ಒಡ್ಡಿ, ಬೇವಿನ ಹಿಂಡಿ ಒಂದು ಹಿಡಿ ಬೆರೆಸಿ. ಯಾವುದೇ ಆದರೂ ಕೆಟ್ಟ ಮೊಗ್ಗನ್ನು, ಕೆಳಗೆ ಉದುರಿದ್ದನ್ನೂ ಸೇರಿಸಿ, ದಿನಾ ಆರಿಸಿ ಸೋಪಿನ ನೀರಿಗೆ ಹಾಕಬೇಕು. ದೇವರಿಗೆ ಏರಿಸುವ, ಮಕ್ಕಳು ಮುಡಿಯುವ ಹೂವು, ಅದಕ್ಕೆ ವಿಷ ಹೊಡೆಯುವ ಯೋಚನೆಯೇ ಬೇಡ.

ಅಶ್ವಿನಿ, ಭರಣಿ ಮಳೆ ಒಂದೆರಡು ಜೋರಾಗಿ ಬಿದ್ದರೆ ನುಸಿ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಗುಲಾಬಿಗೆ ಪೈಪಿನ ಧಾರೆ ನಿಲ್ಲಿಸಬೇಡಿ. ನಾಳೆ ಬೆಳಗ್ಗೆ ಕೆಟ್ಟ ಮಲ್ಲಿಗೆ ಮೊಗ್ಗು ಐದಾರು ಕಿತ್ತು, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಬಿಳಿ ಹಾಳೆ ಮೇಲಿಟ್ಟು ಹತ್ತಿರದಿಂದ ಫೋಟೋ ಹಾಕಿ. ಹುಳು ಯಾವುದು ಎಂದು ನೋಡಿ ಹೇಳುತ್ತೇನೆ. ಅಲ್ಲೂ ಗೊತ್ತಾಗದಿದ್ದರೆ ಅದೇ ಮೊಗ್ಗುಗಳನ್ನು ಕವರಿನಲ್ಲಿ ಹಾಕಿಕೊಂಡು ನಿಮ್ಮ ಊರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರಿಗೆ ತೋರಿಸಿ.