ಮಾರಿಹೋದ ಕತ್ತೆಕಿರುಬ

(ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ವಯಸ್ಸು 24. ಚಿತ್ರ ಬಿಡಿಸುವುದೇ ಕೆಲಸ. ರಾತ್ರಿ ನಿದ್ದೆ ಬರುತ್ತಿಲ್ಲ, ಬಿಡಿಸಲು ಕೂತರೆ ಕೈ ಓಡುತ್ತಿಲ್ಲ, ಮುಂಗಡ ತೆಗೆದುಕೊಂಡ ಕೆಲಸಗಳು ಹಾಗೇ ಬಾಕಿ ಬಿದ್ದಿವೆ ಎಂದು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದಳು. ಏನಾಯಿತು ಎಂದು ಕೇಳಿದೆ. "ನೀವು ನಗಬಾರದು" ಅಂದಳು. ಆಮೇಲೆ ಹೇಳಿದಳು: "ನನ್ನ ಗೆಳೆಯ ಅವನ ಕತ್ತೆಕಿರುಬವನ್ನು ಮಾರಿಬಿಟ್ಟ."

ಇದು ಬೋನಿನಲ್ಲಿರುವ ಕತ್ತೆಕಿರುಬ ಅಲ್ಲ, ಒಂದು ಪಾತ್ರ. ಆಕೆ ಮತ್ತು ಆ ಗೆಳೆಯ ಫರ್ರಿ ಬಳಗದವರು. ಮನುಷ್ಯರ ಹಾಗೆ ಎರಡು ಕಾಲಲ್ಲಿ ನಡೆಯುವ, ಮಾತಾಡುವ, ಸಿಟ್ಟಾಗುವ, ಕೆಲಸಕ್ಕೆ ಹೋಗುವ ಪ್ರಾಣಿಪಾತ್ರಗಳೆಂದರೆ ಇವರಿಗೆ ಪ್ರಾಣ. ಅಂಥ ಪಾತ್ರಗಳನ್ನು ಬಿಡಿಸುತ್ತಾರೆ, ಅವುಗಳ ಕಥೆ ಬರೆಯುತ್ತಾರೆ, ಕೆಲವರು ವೇಷವನ್ನೂ ಹೊಲಿಸಿಕೊಳ್ಳುತ್ತಾರೆ. ಹೆಚ್ಚಿನವರಿಗೆ ತಮ್ಮದೇ ಎನ್ನುವ ಒಂದು ಪಾತ್ರ ಇರುತ್ತದೆ. ಅದಕ್ಕೆ ಫರ್‌ಸೋನಾ ಅನ್ನುತ್ತಾರೆ. ಇವಳದು ನೀರುನಾಯಿ, ಅವನದು ಕತ್ತೆಕಿರುಬ. ಇಬ್ಬರೂ ಸರದಿಯ ಮೇಲೆ ಬರೆಯುತ್ತಾ ವರ್ಷಗಟ್ಟಲೆ ಒಂದು ಕಥೆ ಬೆಳೆಸಿದ್ದರು. ನೆರೆ ಬಂದು ಮುಳುಗಿದ ಊರು, ಅಲ್ಲಿ ದೋಣಿ ನಡೆಸುವ ಈ ಇಬ್ಬರು. ಒಂದು ದಿನ ಅವನು ಬರೆಯುವುದನ್ನು ನಿಲ್ಲಿಸಿದ. ಸ್ವಲ್ಪ ದಿನ ಬಿಟ್ಟು ಬೇರೆ ಯಾರೋ ಹಾಕಿದ ಚಿತ್ರದಲ್ಲಿ ಅದೇ ಕತ್ತೆಕಿರುಬ ಅವಳ ಕಣ್ಣಿಗೆ ಬಿತ್ತು. ಹೆಸರು ಬೇರೆ, ಸ್ವಭಾವ ಬೇರೆ, ಕಥೆಯೂ ಬೇರೆ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ಆದರೆ ಆ ಬಳಗದಲ್ಲಿ ಪಾತ್ರ ಕೊಡುವುದು, ಕೊಳ್ಳುವುದು ತೀರಾ ಮಾಮೂಲು. ಕಲಾವಿದರು ಹೊಸ ಪಾತ್ರವೊಂದನ್ನು ರೂಪಿಸಿ ಮಾರಾಟಕ್ಕಿಡುತ್ತಾರೆ. ಇದಕ್ಕೆ ಅಡಾಪ್ಟಬಲ್ ಎಂದು ಹೆಸರು. ಕೊಂಡವರು ಹೆಸರಿಟ್ಟು ತಮ್ಮದಾಗಿಸಿಕೊಳ್ಳುತ್ತಾರೆ, ಬೇಡ ಅನ್ನಿಸಿದಾಗ ಇನ್ನೊಬ್ಬರಿಗೆ ದಾಟಿಸುತ್ತಾರೆ. ಟಾಯ್‌ಹೌಸ್ ಎಂಬ ತಾಣದಲ್ಲಿ ಒಂದು ಪಾತ್ರದ ಇಡೀ ದಾಖಲೆಯನ್ನೇ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ವರ್ಗಾಯಿಸಬಹುದು. ಹಾಗಾಗಿ ಬಳಗದ ರೂಢಿಯಲ್ಲಿ ನೋಡಿದರೆ ಅವನು ಮಾಡಿದ್ದು ತಪ್ಪಲ್ಲ. ಅವನ ಪಾತ್ರ, ಅವನು ಮಾರಿದ. ಇವಳಿಗೂ ಇದು ಗೊತ್ತಿತ್ತು. ಅದಕ್ಕೇ ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಒದ್ದಾಡುತ್ತಿದ್ದಳು.

ಎರಡನೇ ಭೇಟಿಗೆ ಬರುವಾಗ ಕತ್ತೆಕಿರುಬದ ರೆಫರೆನ್ಸ್ ಶೀಟ್ ತಂದಿದ್ದಳು. ಬೇರೆ ಕಲಾವಿದರು ಬಿಡಿಸುವಾಗ ತಪ್ಪಾಗಬಾರದೆಂದು ಇಟ್ಟುಕೊಳ್ಳುವ ಹಾಳೆ ಅದು. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಮೂರು ನೋಟ. ಕೆಳಗೆ ಬಣ್ಣದ ಚೌಕಗಳ ಸಾಲು. ಪಂಜದ ಅಡಿಭಾಗದ ಬಣ್ಣವನ್ನು ಬೇರೆಯಾಗಿಯೇ ತೋರಿಸಿತ್ತು. ಎಡ ಮುಂಗೈಗೆ ಎರಡು ಸುತ್ತು ಹಗ್ಗ. "ಈ ಹಗ್ಗ ಅವನದಲ್ಲ" ಎಂದು ಬೆರಳಿಟ್ಟು ತೋರಿಸಿದಳು. ಕಥೆಯಲ್ಲಿ ನೆರೆಯ ರಾತ್ರಿ ನೀರುನಾಯಿ ಅವನನ್ನು ದೋಣಿಗೆ ಕಟ್ಟಿ ಉಳಿಸಿದ ಹಗ್ಗ ಅದು. ಆ ಭಾಗ ಬರೆದವಳು ಇವಳು. ಅವನು ಮೆಚ್ಚಿಕೊಂಡು ಪಾತ್ರದ ವೇಷಕ್ಕೇ ಸೇರಿಸಿಕೊಂಡಿದ್ದ. ಹೊಸ ಒಡೆಯರ ಚಿತ್ರದಲ್ಲೂ ಹಗ್ಗ ಹಾಗೇ ಇದೆ. ಅವರಿಗೆ ಅದೊಂದು ಅಲಂಕಾರ, ಅಷ್ಟೇ.

ನನಗೆ ಸಮಸ್ಯೆ ಸ್ಪಷ್ಟವಾಗಿದ್ದು ಅಲ್ಲೇ. ಮಾರಾಟವಾಗಿದ್ದು ಅವನ ಪಾತ್ರ ನಿಜ, ಆದರೆ ಅದರ ಜೊತೆ ಇವಳದ್ದೂ ಸ್ವಲ್ಪ ಹೋಗಿತ್ತು. ಅದನ್ನು ಯಾವ ಲೆಕ್ಕದಲ್ಲೂ ಯಾರೂ ಹಿಡಿದಿರಲಿಲ್ಲ.

ಕೂಡಿ ಬರೆಯುವ ಈ ಅಭ್ಯಾಸ ಈಗಿನ ಮಕ್ಕಳ ಹುಚ್ಚು ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಫರ್ರಿ ಬಳಗವೇ ಬೆಳೆದದ್ದು ಹೀಗೆ. 1980ರ ದಶಕದಲ್ಲಿ ಅಮೆರಿಕದ ವೈಜ್ಞಾನಿಕ ಕಥೆಗಳ ಸಮಾವೇಶಗಳಲ್ಲಿ ಪ್ರಾಣಿಪಾತ್ರ ಬಿಡಿಸುವವರು ಒಬ್ಬರಿಗೊಬ್ಬರು ಸಿಕ್ಕರು. 1984ರಲ್ಲಿ ಶುರುವಾದ ರೌರ್‌ಬ್ರಾಜಲ್ ಎಂಬ ಪತ್ರಿಕೆಗೆ ಸದಸ್ಯರೇ ಪುಟ ಬಿಡಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ಎಲ್ಲರ ಪುಟ ಜೋಡಿಸಿ ಎಲ್ಲರಿಗೂ ತಿರುಗಿ ಕಳಿಸುವುದೇ ಸಂಪಾದಕರ ಕೆಲಸ. 1990ರಲ್ಲಿ ಆನ್‌ಲೈನ್ ಆಟದ ತಾಣವಾಗಿ ಬಂದ ಫರ್ರಿಮಕ್‌ನಲ್ಲಿ ಚಿತ್ರವೇ ಇರಲಿಲ್ಲ. ಬರೀ ಅಕ್ಷರ ಟೈಪ್ ಮಾಡುತ್ತಾ ಜನ ತಮ್ಮ ಪಾತ್ರವಾಗಿ ಅಲ್ಲಿ ಓಡಾಡಿದರು, ಗೆಳೆತನ ಮಾಡಿದರು, ಜಗಳವಾಡಿದರು. ಇಂಥ ಕಡೆ ಹುಟ್ಟಿದ ಸಂಬಂಧ ಮುರಿದರೆ ನೋವಾಗದೆ ಇರುತ್ತಾ?

ಮೊದಲು ಕೇಳಲೇಬೇಕಾದದ್ದನ್ನು ನೇರವಾಗಿ ಕೇಳಿದೆ. ಸಾಯುವ ಯೋಚನೆ ಬರುತ್ತಿದೆಯಾ, ಕೈಗೆ ಗಾಯ ಮಾಡಿಕೊಳ್ಳುತ್ತಿದ್ದೀಯಾ ಎಂದು. ಇಲ್ಲ ಅಂದಳು. ಊಟ ಸರಿಯಿತ್ತು. ನಿದ್ದೆ ಮಾತ್ರ ಕೆಟ್ಟಿತ್ತು, ಅದೂ ರಾತ್ರಿಯೆಲ್ಲ ಹೊಸ ಒಡೆಯರ ಚಿತ್ರಗಳನ್ನು ಹುಡುಕಿ ನೋಡುತ್ತಾ ಕೂರುವುದರಿಂದ. ಹಾಸಿಗೆಗೆ ಹೋದ ಮೇಲೆ ಅದನ್ನು ನೋಡುವುದಿಲ್ಲ ಎಂದು ಒಪ್ಪಿಕೊಂಡಳು. ಹೀಗೆ ಮಾಡಿಯೂ ಕೆಲವು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು ಎಂದೂ ಹೇಳಿದ್ದೆ. ಆ ಪ್ರಮೇಯ ಬರಲಿಲ್ಲ.

ಅವಳ ತಲೆಯಲ್ಲಿ ಮೂರು ದಾರಿ ಇದ್ದವು. ಅವನು ಮಾಡಿದ್ದನ್ನು ಬಳಗದ ಎದುರು ಬರೆದುಹಾಕುವುದು. ಇದ್ದ ಉಳಿತಾಯವನ್ನೆಲ್ಲ ಸುರಿದು ಕತ್ತೆಕಿರುಬವನ್ನು ವಾಪಸ್ ಕೊಳ್ಳುವುದು. ಇಲ್ಲವೇ ನೀರುನಾಯಿಯನ್ನೂ ಇಡೀ ಕಥೆಯನ್ನೂ ಅಳಿಸಿಹಾಕಿ ಬಳಗ ಬಿಟ್ಟುಬಿಡುವುದು.

ಬಹಿರಂಗವಾಗಿ ಬರೆಯುವುದರ ಬಗ್ಗೆ ಹೆಚ್ಚು ಹೊತ್ತು ಮಾತಾಡಿದೆವು. ನಾನು ಬೇಡ ಎಂದು ಖಡಾಖಂಡಿತವಾಗಿ ಹೇಳಿದ ಒಂದೇ ವಿಷಯ ಅದು. ಮೋಸ, ಹಿಂಸೆ, ಲೈಂಗಿಕ ಕಿರುಕುಳದಂಥದ್ದು ನಡೆದಿದ್ದರೆ ಮಾತೇ ಬೇರೆ, ಅದನ್ನು ಮುಚ್ಚಿಡಬಾರದು. ಇಲ್ಲಿ ನಡೆದದ್ದು ಗೆಳೆಯನೊಬ್ಬ ಹೇಳದೆ ಕೇಳದೆ ಹೊರಟುಹೋದದ್ದು. ಒಮ್ಮೆ ಬರೆದರೆ ಅದು ಸ್ಕ್ರೀನ್‌ಶಾಟ್ ಆಗಿ ಉಳಿಯುತ್ತದೆ. ಇಬ್ಬರಿಗೂ ಬೇಕಾದವರು ಪಕ್ಷ ಹಿಡಿಯಲೇಬೇಕಾಗುತ್ತದೆ. ಕಮಿಷನ್, ಅಂದರೆ ದುಡ್ಡು ಕೊಟ್ಟು ಚಿತ್ರ ಬಿಡಿಸಿಕೊಳ್ಳುವ ಕೆಲಸ, ಕೊಡುವವರೂ ಅದೇ ಬಳಗದವರಲ್ವಾ? "ನಿನಗೆ ಬೇಕಿರುವುದು ನ್ಯಾಯವೋ, ಉತ್ತರವೋ?" ಎಂದು ಕೇಳಿದೆ. ಉತ್ತರ ಅಂದಳು. ಹಾಗಾದರೆ ಅದನ್ನು ಕೊಡಬಲ್ಲವನು ಒಬ್ಬನೇ, ಅವನನ್ನೇ ಕೇಳು ಎಂದೆ.

ವಾಪಸ್ ಕೊಳ್ಳುವ ಯೋಚನೆ ಬೇಗ ಬಿದ್ದುಹೋಯಿತು. ದುಡ್ಡು ಕೊಟ್ಟರೆ ಚಿತ್ರದ ವಿನ್ಯಾಸ ಸಿಗುತ್ತದೆ, ಸರದಿಯಲ್ಲಿ ಬರೆಯುವವನು ಸಿಗುತ್ತಾನಾ? ಇದನ್ನು ನಾನು ಹೇಳುವ ಮೊದಲು ಅವಳೇ ಹೇಳಿದಳು. ಅಳಿಸಿಹಾಕುವ ವಿಷಯಕ್ಕೆ, ಸದ್ಯಕ್ಕೆ ಎಲ್ಲವನ್ನೂ ಕಣ್ಣಿಗೆ ಬೀಳದ ಕಡೆ ಎತ್ತಿಡು, ತೀರ್ಮಾನ ಆಮೇಲೆ ಮಾಡು ಎಂದೆ. ನೀರುನಾಯಿ ಆ ಕಥೆಗಿಂತ ಮೊದಲೇ ಇದ್ದದ್ದು. ಫರ್ರಿಗಳ ಮೇಲೆ ಬಹಳ ವರ್ಷದಿಂದ ಅಧ್ಯಯನ ಮಾಡುತ್ತಿರುವ ಕೋರ್ಟ್ನಿ ಪ್ಲಾಂಟ್, ಸ್ಟೀಫನ್ ರೈಸೆನ್, ಶ್ಯಾರನ್ ರಾಬರ್ಟ್ಸ್, ಕ್ಯಾಥ್ಲೀನ್ ಗರ್ಬಾಸಿ ಇವರ ತಂಡ ಕಂಡುಕೊಂಡಂತೆ, ಫರ್‌ಸೋನಾ ಅನೇಕರಿಗೆ ತಾವು ಆಗಬೇಕೆಂದುಕೊಂಡ ತಮ್ಮದೇ ರೂಪ. ಇವಳ ನೀರುನಾಯಿ ಹೊಸಬರ ಜೊತೆ ಸಲೀಸಾಗಿ ಬೆರೆಯುತ್ತದೆ. ಇವಳಿಗೆ ಅದು ಕಷ್ಟ. ಅವನ ಮೇಲಿನ ಸಿಟ್ಟಿಗೆ ಅದನ್ನು ಯಾಕೆ ಬಲಿ ಕೊಡಬೇಕು?

ಒಂದು ಸಲ ಅಮ್ಮನೂ ಬಂದಿದ್ದರು. ಅವರಿಗೆ ಎರಡು ಭಯ. ಒಂದು, ಮಗಳು ತನ್ನನ್ನು ಪ್ರಾಣಿ ಅಂದುಕೊಂಡಿದ್ದಾಳೆ. ಇನ್ನೊಂದು, ಇದು ಪ್ರೇಮಭಂಗ, ತಮ್ಮಿಂದ ಮುಚ್ಚಿಡುತ್ತಿದ್ದಾಳೆ. ಎರಡೂ ಅಲ್ಲ ಎಂದು ವಿವರಿಸಿದೆ. ತಾನು ಒಳಗಿನಿಂದ ಪ್ರಾಣಿಯೇ ಎಂದು ಹೇಳಿಕೊಳ್ಳುವವರು ಬೇರೆ ಇದ್ದಾರೆ, ಅವರನ್ನು ಥೇರಿಯನ್ ಅನ್ನುತ್ತಾರೆ. ಫರ್ರಿಗಳಲ್ಲಿ ಅಂಥವರು ಕೆಲವರೇ. ತಲೆಯಿಂದ ಕಾಲಿನವರೆಗೆ ವೇಷ ಹಾಕುವವರೂ ಕಡಿಮೆ, ಆ ಇಡೀ ಫರ್‌ಸೂಟ್ ತುಂಬಾ ದುಬಾರಿ. ಷಿಕಾಗೋ ಬಳಿ ನಡೆಯುವ ಫರ್ರಿ ಸಮಾವೇಶವಾದ ಮಿಡ್‌ವೆಸ್ಟ್ ಫರ್‌ಫೆಸ್ಟ್‌ಗೆ 2023ರಲ್ಲಿ 15,000ಕ್ಕೂ ಹೆಚ್ಚು ಜನ ಬಂದಿದ್ದರು ಎಂದಾಗ ಅಮ್ಮ, "ಅಷ್ಟು ಜನಕ್ಕೂ ಇದೇನಾ?" ಎಂದು ಉಸಿರುಬಿಟ್ಟರು. ಸಮಾಧಾನವೋ ಗಾಬರಿಯೋ ನನಗೆ ತಿಳಿಯಲಿಲ್ಲ.

ಅವನಿಗೆ ಕಳಿಸಬೇಕಾದ ಸಂದೇಶವನ್ನು ಇಬ್ಬರೂ ಕೂತು ಕತ್ತರಿಸಿ ಚಿಕ್ಕದು ಮಾಡಿದೆವು. ಮೊದಲ ಕರಡು ಪುಟಗಟ್ಟಲೆ ಇತ್ತು, ಪೂರ್ತಿ ದೂರು. ಕೊನೆಗೆ ಉಳಿದದ್ದು ಇಷ್ಟೇ: "ಮಾರಿದ್ದಕ್ಕೆ ಬೇಜಾರಿಲ್ಲ. ನನಗೆ ಯಾಕೆ ಹೇಳಲಿಲ್ಲ?" ಅವನು ಉತ್ತರಿಸಿದ. ದುಡ್ಡಿನ ಅಡಚಣೆ ಇತ್ತಂತೆ. ಅದಕ್ಕಿಂತ ಜಾಸ್ತಿ, ದಿನಾ ಬರೆಯುವುದು ಯಾವತ್ತೋ ಹೊರೆಯಾಗಿತ್ತು, ಹೇಳಿದರೆ ನೀನು ಅಳುತ್ತೀಯ ಎಂದು ಸುಮ್ನೆ ಇದ್ದೆ ಎಂದು ಬರೆದಿದ್ದ. ಓದಿ ಅತ್ತಳು, ಸಿಟ್ಟೂ ಮಾಡಿಕೊಂಡಳು. ಆದರೆ ತಾನು ದಿನಾ "ಇವತ್ತು ಬರೀತೀಯಾ?" ಎಂದು ಕೇಳುತ್ತಿದ್ದದ್ದು ನೆನಪಾಯಿತು ಎಂದು ಮುಂದಿನ ವಾರ ತಾನಾಗಿಯೇ ಹೇಳಿದಳು.

ಹಗ್ಗದ ವಿಷಯ ಉಳಿದಿತ್ತು. ಕೊಂಡವರ ತಪ್ಪೇನೂ ಇಲ್ಲ, ಬೇಕಾದರೆ ಒಂದು ಸಲ ವಿನಯವಾಗಿ ಕೇಳು, ಆಗಲ್ಲ ಅಂದರೆ ಅಲ್ಲಿಗೇ ಬಿಡು ಎಂದಿದ್ದೆ. ಕೇಳಿದಳು. ಅವರು ತೆಗೆಯಲು ಒಪ್ಪಲಿಲ್ಲ. ಆ ಹಗ್ಗ ಇಷ್ಟವಾಗಿಯೇ ಕೊಂಡದ್ದಂತೆ! ಅದರ ಕಥೆ ನಿಮ್ಮದೆಂದು ಪಾತ್ರದ ಪುಟದಲ್ಲಿ ಬರೆಯುತ್ತೇನೆ ಎಂದರು, ಬರೆದರೂ ಸಹ. ಇದರಿಂದ ಖುಷಿಯಾಯಿತಾ ಎಂದರೆ, "ಅರ್ಧ" ಎಂದಳು.

ಬಾಕಿ ಕೆಲಸಗಳಿಗೂ ಒಂದು ದಾರಿ ಮಾಡಿದೆವು. ಕಾರಣ ವಿವರಿಸುವ ಅಗತ್ಯವಿಲ್ಲ, ತಡವಾಗಿದೆ ಎಂದು ತಿಳಿಸಿ ಹೊಸ ದಿನಾಂಕ ಕೊಡು, ಕಾಯಲಾಗದವರಿಗೆ ದುಡ್ಡು ಹಿಂತಿರುಗಿಸು ಎಂದೆ. ಹೆಚ್ಚಿನವರು ಕಾದರು.

ಕೂಡಿ ಬರೆಯುವವರು ಇನ್ನೂ ಯಾರಾದರೂ ಇದನ್ನು ಓದುತ್ತಿದ್ದರೆ, ಒಬ್ಬರು ನಿಲ್ಲಿಸಿದರೆ ಕಥೆ ಏನಾಗಬೇಕು ಎಂದು ಸಂಬಂಧ ಚೆನ್ನಾಗಿರುವಾಗಲೇ ಮಾತಾಡಿಕೊಳ್ಳಿ. ಪಾತ್ರ ಮಾರುವ ಮೊದಲು ಜೊತೆಗಾರರಿಗೆ ತಿಳಿಸಬೇಕಾ, ಕಥೆಯನ್ನು ಒಬ್ಬರೇ ಮುಂದುವರಿಸಬಹುದಾ, ಇಬ್ಬರೂ ಸೇರಿ ಸೇರಿಸಿದ ವಿವರಗಳು ಯಾರವು ಎಂದು ನಾಲ್ಕು ಸಾಲು ಬರೆದಿಡಿ. ಚಿತ್ರದ ಕಮಿಷನ್‌ಗೆ ಷರತ್ತು ಬರೆಯುವುದು ನಿಮ್ಮಲ್ಲಿ ಹೇಗೂ ರೂಢಿ ಇದೆ, ಕಥೆಗೂ ಬರೆಯಿರಿ.

ಮುಂದಿನ ಸಮಾವೇಶಕ್ಕೆ ಹೋಗುತ್ತಿದ್ದಾಳೆ. ಅವನೂ ಬರಬಹುದು. ಎದುರಾದರೆ "ಹೇಗಿದ್ದೀಯಾ" ಎಂದು ಕೇಳುವುದು, ಕಥೆಯ ಮಾತು ಅವನೇ ತೆಗೆದರೂ "ಇವತ್ತು ಬೇಡ" ಅನ್ನುವುದು ಎಂದು ಗಟ್ಟಿ ಮಾಡಿಕೊಂಡಿದ್ದಾಳೆ. ನನ್ನ ಕೋಣೆಯಲ್ಲಿ ಅದನ್ನು ಹೇಳಿ ಹೇಳಿ ಅಭ್ಯಾಸವೂ ಆಗಿದೆ.