24 ಎಚ್‌ಪಿ ಟ್ರಾಕ್ಟರಿಗೆ ಮುಂದಿನ ಲೋಡರ್: 400 ಕೆಜಿ ಎಂದವರದ್ದು ಗಟ್ಟಿಯೋ, 300 ಎಂದವರದ್ದೋ?

ನಿಮ್ಮ ಪ್ರಶ್ನೆ ಇಷ್ಟು: ಶಿರಸಿ ಹತ್ತಿರ ಎರಡು ಎಕರೆ ಅಡಿಕೆ ತೋಟ, ಕೈಯಲ್ಲಿ 24 ಎಚ್‌ಪಿಯ ಫೋರ್ ವೀಲ್ ಮಿನಿ ಟ್ರಾಕ್ಟರ್, ಗೊಬ್ಬರ ಮತ್ತು ಹೊಸಮಣ್ಣು ತುಂಬಲು ಟ್ರಾಕ್ಟರಿನ ಮುಂಭಾಗಕ್ಕೆ ಕೂರಿಸುವ, ಬಕೆಟ್ಟಿನಲ್ಲಿ ತುಂಬಿ ಎತ್ತುವ ಲೋಡರ್ ಬೇಕು. ಒಬ್ಬರ ಕೊಟೇಶನ್ನಿನಲ್ಲಿ 400 ಕೆಜಿ ಎತ್ತುತ್ತದೆ ಎಂದಿದೆ, ಇನ್ನೊಬ್ಬರದ್ದರಲ್ಲಿ 300. ಯಾವುದು ಗಟ್ಟಿ?

ಈ ಎರಡು ಅಂಕಿ ಮಾತ್ರ ನೋಡಿ ಹೇಳಲು ಬರುವುದಿಲ್ಲ. ಎರಡೂ ಒಂದೇ ಬಲದ ಲೋಡರ್ ಆಗಿರಬಹುದು. ಇಬ್ಬರಿಗೂ ಫೋನ್ ಮಾಡಿ ಕೇಳಿ: ಈ ತೂಕ ಬಕೆಟ್ ಕೂರುವ ಪಿನ್ನಿನ ಮೇಲೆ ಅಳೆದದ್ದೋ, ಪಿನ್ನಿಗಿಂತ 50 ಸೆಂ.ಮೀ. ಮುಂದೆ ಅಳೆದದ್ದೋ? ನೆಲ ಬಿಡುವಾಗಿನದೋ, ಪೂರ್ತಿ ಎತ್ತರದಲ್ಲಿಯದೋ? ಉತ್ತರ ಕೊಡಲು ತಡವರಿಸಿದರೆ ಆ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಸಿಲಿಂಡರಿನ ಅಳತೆ ಕೇಳಿ ನೀವೇ ಲೆಕ್ಕ ಹಾಕಿ. ಕಷ್ಟವೇನಿಲ್ಲ.

ಒಂದು ಉದಾಹರಣೆ. ಬೂಮ್ (ಬಕೆಟ್ಟನ್ನು ಹೊತ್ತಿರುವ ಉದ್ದ ತೋಳು) ಎತ್ತುವ ಸಿಲಿಂಡರ್ ಎರಡು, ಒಳವ್ಯಾಸ 40 ಮಿ.ಮೀ. ಒಂದರ ಕ್ಷೇತ್ರ 12.57 ಚದರ ಸೆಂ.ಮೀ. ಹೈಡ್ರಾಲಿಕ್ ಆಯಿಲಿನ ಒತ್ತಡ ಚದರ ಸೆಂ.ಮೀ.ಗೆ 150 ಕೆಜಿ ಇದ್ದರೆ ಎರಡೂ ಸೇರಿ ಸುಮಾರು 3,770 ಕೆಜಿ ತಳ್ಳುತ್ತವೆ. ಆದರೆ ಸಿಲಿಂಡರ್ ತಳ್ಳುವುದು ಬೂಮಿನ ಬುಡದ ಪಿನ್ನಿನಿಂದ ಬರೀ 20 ಸೆಂ.ಮೀ. ದೂರದಲ್ಲಿ, ಬಕೆಟ್ ಪಿನ್ ಇರುವುದು 150 ಸೆಂ.ಮೀ. ಆಚೆ. ಬಲವನ್ನು ದೂರದಿಂದ ಗುಣಿಸಿದರೆ ಸಿಗುವುದು ತಿರುಗಿಸುವ ಬಲ: 3,770 ಗುಣಿಸು 20, ಅಂದರೆ 75,400. ಇದರಲ್ಲಿ ಬೂಮ್ ಮತ್ತು ಖಾಲಿ ಬಕೆಟ್ ತಮ್ಮನ್ನು ತಾವೇ ಎತ್ತಿಕೊಳ್ಳಲು ಒಂದಿಷ್ಟು ತಿನ್ನುತ್ತವೆ: 80 ಕೆಜಿ ಬೂಮಿನ ತೂಕ 80 ಸೆಂ.ಮೀ.ನಲ್ಲಿ, 60 ಕೆಜಿ ಬಕೆಟ್ಟಿನದು 175 ಸೆಂ.ಮೀ.ನಲ್ಲಿ ಎಂದು ಹಿಡಿದರೆ 16,900. ಉಳಿದದ್ದು 58,500. ಅದನ್ನು 150ರಿಂದ ಭಾಗಿಸಿದರೆ ಪಿನ್ನಿನ ಮೇಲೆ 390 ಕೆಜಿ. 200ರಿಂದ ಭಾಗಿಸಿದರೆ, ಅಂದರೆ 50 ಸೆಂ.ಮೀ. ಮುಂದೆ, 292 ಕೆಜಿ. ನಿಮ್ಮ 400 ಮತ್ತು 300 ಹೀಗೆ ಒಂದೇ ಲೋಡರಿನಿಂದ ಹುಟ್ಟಬಲ್ಲವು.

ಮಣ್ಣಿನ ರಾಶಿ ಪಿನ್ನಿನ ಮೇಲೆ ಕೂರುವುದಿಲ್ಲ, ಬಕೆಟ್ಟಿನ ಹೊಟ್ಟೆಯಲ್ಲಿ ಕೂರುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಹೋಲಿಕೆಗೆ ಬರುವ ಅಂಕಿ ಒಂದೇ: 50 ಸೆಂ.ಮೀ. ಮುಂದೆ, ಪೂರ್ತಿ ಎತ್ತರಕ್ಕೆ. ಬೂಮ್ ಮೇಲೇರಿದಂತೆ ಸಾಮಾನ್ಯವಾಗಿ ಸಿಲಿಂಡರಿನ ಕೋನ ಕಿರಿದಾಗಿ ಆ 20 ಸೆಂ.ಮೀ. ಸನ್ನೆಯೂ ಕುಗ್ಗುತ್ತದೆ. ನೆಲದಿಂದ ಸಲೀಸಾಗಿ ಎದ್ದ ಬಕೆಟ್ ಟ್ರೇಲರಿನ ಅಂಚಿನ ಹತ್ತಿರ ನಿಂತುಬಿಡುವುದು ಇದಕ್ಕೇ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಿ. ಮಹೀಂದ್ರ ಜೀವೋ 245, ಕುಬೋಟಾ ಬಿ2441ರಂಥ ಗಾಡಿಗಳ ಕರಪತ್ರದಲ್ಲಿ ಕಾಣುವ 750 ಕೆಜಿ ಹಿಂದಿನ ಮೂರು ಪಾಯಿಂಟ್ ಲಿಫ್ಟಿನದ್ದು, ಅಂದರೆ ನೇಗಿಲಿನಂಥ ಉಪಕರಣ ಸಿಕ್ಕಿಸಿ ಎತ್ತುವ ಭಾಗದ್ದು. ಮುಂದಿನ ಲೋಡರಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ನಿಮ್ಮ ಕೆಲಸಕ್ಕೆ ಎಷ್ಟು ಬೇಕು ನೋಡೋಣ. 1.2 ಮೀಟರ್ ಅಗಲದ ಬಕೆಟ್ಟಿನಲ್ಲಿ ರಾಶಿ ಹಾಕಿದರೆ ಸುಮಾರು 0.2 ಘನ ಮೀಟರ್ ಹಿಡಿಯುತ್ತದೆ. ಕೊಟ್ಟಿಗೆ ಗೊಬ್ಬರವಾದರೆ 160 ಕೆಜಿ ಆಸುಪಾಸು, ಯಾವ ಲೋಡರಾದರೂ ಎತ್ತುತ್ತದೆ. ಹಸಿ ಕೆಮ್ಮಣ್ಣು ಅದೇ ಬಕೆಟ್ಟಿಗೆ 340 ಕೆಜಿ ದಾಟುತ್ತದೆ, ಮೇಲಿನ ಲೆಕ್ಕದ ಲೋಡರ್ ಎತ್ತುವುದಿಲ್ಲ. ಹೊಸಮಣ್ಣಿಗೆ ಬಕೆಟ್ ಮುಕ್ಕಾಲು ತುಂಬಿದರೆ ಸಾಕು ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ಚಿರೆಕಲ್ಲು ಒಂದಕ್ಕೆ 35 ಕೆಜಿ ಹಿಡಿದರೆ ಎಂಟು ಕಲ್ಲಿಗೆ 280 ಆಯಿತು. ಬೆಟ್ಟದ ದರಕಿಗೆ (ಒಣ ಎಲೆಗೆ) ಎತ್ತುವ ಬಲದ ಮಾತೇ ಬರುವುದಿಲ್ಲ, ಅಲ್ಲಿ ಬಕೆಟ್ಟಿಗಿಂತ ಹಲ್ಲಿನ ಫೋರ್ಕ್ ಉಪಯೋಗ. ಬಕೆಟ್ಟಿನ ಅಗಲ ಮಾತ್ರ ಟೈರಿನ ಹೊರ ಅಂಚಿಗಿಂತ ಸ್ವಲ್ಪ ಹೆಚ್ಚಿರಲಿ, ಇಲ್ಲದಿದ್ದರೆ ಟೈರು ರಾಶಿಯ ಮೇಲೆ ಹತ್ತುತ್ತದೆ.

ಲೋಡರ್ ಎತ್ತಿದ್ದನ್ನು ಟ್ರಾಕ್ಟರ್ ಹೊರಬೇಕಲ್ಲ. ಹೆಚ್ಚಿನವರು ಎಡವುವುದು ಇಲ್ಲಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 1.5 ಮೀಟರ್, ಭಾರ ಮುಂದಿನ ಆಕ್ಸಲಿಗಿಂತ 1.2 ಮೀಟರ್ ಮುಂದೆ ಇದ್ದರೆ, ಬಕೆಟ್ಟಿನ 290 ಕೆಜಿ ಮುಂದಿನ ಆಕ್ಸಲಿನ ಮೇಲೆ 290 ಆಗಿ ಬೀಳುವುದಿಲ್ಲ, 520 ಆಗಿ ಬೀಳುತ್ತದೆ. ಹೆಚ್ಚಿನ 230 ಹಿಂದಿನ ಚಕ್ರದಿಂದ ಕಿತ್ತುಕೊಂಡದ್ದು. ಗಾಡಿಯ ತೂಕ 650 ಕೆಜಿ, ಹಿಂದೆ ಇರುವುದೇ 400ರ ಹತ್ತಿರ ಎಂದುಕೊಂಡರೆ ಎಷ್ಟು ಹಗುರಾಗುತ್ತದೆ ಯೋಚಿಸಿ, ಲೋಡರಿನ ಸ್ವಂತ ತೂಕವೂ ಇದರ ಮೇಲೆ. ಹಿಂದಿನ ಬ್ರೇಕು ನೆಲ ಹಿಡಿಯುವುದಿಲ್ಲ. ಮುಂದಿನ ಆಕ್ಸಲಿನ ಸೀಲು, ಬೇರಿಂಗು ಬೇಗ ಹೋಗುತ್ತವೆ.

ಪರಿಹಾರ ಹಿಂದಿನ ಭಾರ. ಮೂರು ಪಾಯಿಂಟಿನ ಮೇಲೆ, ಹಿಂದಿನ ಆಕ್ಸಲಿನಿಂದ 75 ಸೆಂ.ಮೀ. ಹಿಂದೆ 200 ಕೆಜಿ ತೂಗಿಸಿದರೆ ಹಿಂದೆ 300 ಕೂಡುತ್ತದೆ, ಮುಂದಿನ ಆಕ್ಸಲಿಗೆ 100 ಇಳಿಯುತ್ತದೆ. ಟೈರಿಗೆ ನೀರು ತುಂಬಿದರೆ ಗಾಡಿ ಮಗುಚುವುದು ತಪ್ಪೀತು, ಆದರೆ ಮುಂದಿನ ಆಕ್ಸಲಿನ ಹೊರೆ ಒಂದು ಕೆಜಿಯೂ ಕಡಿಮೆಯಾಗುವುದಿಲ್ಲ, ಏಕೆಂದರೆ ಆ ನೀರು ಹಿಂದಿನ ಆಕ್ಸಲಿನ ಮೇಲೆಯೇ ಇದೆ. 200 ಲೀಟರಿನ ಡ್ರಮ್ ಅರ್ಧ ಕತ್ತರಿಸಿ, ಪಿನ್ನು ಕೂರಿಸಿ ಕಾಂಕ್ರೀಟ್ ತುಂಬಿದರೆ 240 ಕೆಜಿ ಆಗುತ್ತದೆ. ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಖರೀದಿಗೆ ಮುಂಚೆ ಟ್ರಾಕ್ಟರ್ ಡೀಲರ್ ಹತ್ತಿರ ಎರಡು ಸಂಗತಿ ಬರಹದಲ್ಲಿ ಪಡೆಯಿರಿ: ಮುಂದಿನ ಆಕ್ಸಲ್ ತಾಳುವ ಗರಿಷ್ಠ ತೂಕ, ಹೊರಗಿನ ಲೋಡರ್ ಕೂರಿಸಿದರೆ ವಾರಂಟಿ ಉಳಿಯುತ್ತದೆಯೋ ಇಲ್ಲವೋ. ಲೋಡರಿಗೆ ಬೂಮಿಗೊಂದು, ಬಕೆಟ್ಟಿಗೊಂದು ಎಂದು ಎರಡು ಡಬಲ್ ಆ್ಯಕ್ಟಿಂಗ್ (ಎರಡೂ ದಿಕ್ಕಿಗೆ ಆಯಿಲ್ ಒತ್ತುವ) ಲೈನು, ಒಟ್ಟು ನಾಲ್ಕು ಹೋಸು ಬೇಕು. ಗಾಡಿಯಲ್ಲಿ ಒಂದೇ ವಾಲ್ವ್ ಇದ್ದರೆ ಬೇರೆ ಕಂಟ್ರೋಲ್ ವಾಲ್ವಿನ ಖರ್ಚು ಕೊಟೇಶನ್ನಿನಲ್ಲಿ ಸೇರಿದೆಯೇ ನೋಡಿ. ಲೋಡರಿನ ಚೌಕಟ್ಟು ಮುಂದಿನ ಬಂಪರಿಗೆ ಮಾತ್ರ ಬೋಲ್ಟ್ ಆಗಿದ್ದರೆ ಬಿಟ್ಟುಬಿಡಿ, ಅದು ಹಿಂದಿನ ಆಕ್ಸಲ್ ಹೌಸಿಂಗ್‌ವರೆಗೆ ಹೋಗಬೇಕು. ಹಾಗಿಲ್ಲದಿದ್ದರೆ ತಳ್ಳುವ ಬಲವೆಲ್ಲ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗಕ್ಕೆ ಬೀಳುತ್ತದೆ.

ಡೆಮೊ ಕೊಡಲು ಬಂದಾಗ 50 ಕೆಜಿಯ ಸಿಮೆಂಟ್ ಚೀಲಗಳನ್ನು ಬಕೆಟ್ಟಿನ ಮಧ್ಯಕ್ಕೆ ಇಟ್ಟು ಒಂದೊಂದಾಗಿ ಹೆಚ್ಚಿಸಿ. ಅದಕ್ಕೆ ಮುಂಚೆ ಹಿಂದಿನ ಭಾರ ಕಟ್ಟಿರಲಿ, ಆಯಿಲ್ ಬಿಸಿಯಾಗಲು ಹತ್ತು ಹದಿನೈದು ನಿಮಿಷ ಕೆಲಸ ಮಾಡಿಸಿರಿ. ತಣ್ಣಗಿನ ದಪ್ಪ ಆಯಿಲಿನಲ್ಲಿ ಸವೆದ ಪಂಪೂ ಚೆನ್ನಾಗಿ ಎತ್ತಿ ತೋರಿಸುತ್ತದೆ. 250 ಬಾರ್ ಒತ್ತಡದ ಗೇಜ್ (1 ಬಾರ್ ಎಂದರೆ ಚದರ ಸೆಂ.ಮೀ.ಗೆ ಸುಮಾರು 1 ಕೆಜಿ) ಒಂದನ್ನು ಲೈನಿಗೆ ಹಾಕಿ, ಬೂಮ್ ಕೊನೆ ಮುಟ್ಟಿದ ಮೇಲೂ ಲಿವರನ್ನು ಎರಡು ಸೆಕೆಂಡ್ ಹಿಡಿದರೆ ರಿಲೀಫ್ ಒತ್ತಡ, ಅಂದರೆ ವಾಲ್ವ್ ತೆರೆದು ಆಯಿಲನ್ನು ವಾಪಸ್ ಬಿಡುವ ಗರಿಷ್ಠ ಒತ್ತಡ, ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬೇಡಿ, ಆಯಿಲ್ ಕಾಯುತ್ತದೆ.

ಒತ್ತಡ 150ರಿಂದ 120ಕ್ಕೆ ಇಳಿದರೆ ಐದರಲ್ಲೊಂದು ಪಾಲು ಹೋಯಿತು ಎಂದಷ್ಟೇ ಅನಿಸುತ್ತದೆ. ಆದರೆ ಬೂಮಿನ ಸ್ವಂತ ತೂಕ ಇಳಿಯುವುದಿಲ್ಲವಲ್ಲ, ಅದೇ ಲೆಕ್ಕ ಮತ್ತೆ ಹಾಕಿದರೆ 292 ಇದ್ದದ್ದು 217ಕ್ಕೆ ಬರುತ್ತದೆ, ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು. ಪೂರ್ತಿ ಭಾರ ಎತ್ತುತ್ತದೆ ಆದರೆ ನಿಧಾನ ಎಂದರೆ ಆಯಿಲ್ ಸಾಲುತ್ತಿಲ್ಲ: ಸಕ್ಷನ್ ಫಿಲ್ಟರ್ (ಪಂಪಿಗೆ ಆಯಿಲ್ ಹೋಗುವ ದಾರಿಯದು) ಕಟ್ಟಿದೆ, ಆಯಿಲ್ ಮಟ್ಟ ಇಳಿದಿದೆ, ಅಥವಾ ಪಂಪ್ ಸಣ್ಣದು. ಆ್ಯಕ್ಸಿಲರೇಟರ್ ಎಷ್ಟು ಕೊಟ್ಟರೂ ಒಂದು ತೂಕದಾಚೆ ಏಳುವುದೇ ಇಲ್ಲ ಎಂದರೆ ಒತ್ತಡ ಸಾಲುತ್ತಿಲ್ಲ: ರಿಲೀಫ್ ವಾಲ್ವಿನಲ್ಲಿ ಕಸ, ಸೋತ ಸ್ಪ್ರಿಂಗು, ಒಳಗೆ ಸೋರುವ ಸೀಲು. ರಿಲೀಫ್ ಸ್ಕ್ರೂ ತಿರುಗಿಸಿ ಒತ್ತಡ ಏರಿಸಿಕೊಡುತ್ತೇನೆ ಎನ್ನುವವರಿಗೆ ದಯವಿಟ್ಟು ಒಪ್ಪಬೇಡಿ. ಕಂಪನಿ ಹೇಳಿದ ಮಟ್ಟ ದಾಟಿದರೆ ಬೂಮಿನ ವೆಲ್ಡಿಂಗು, ಪಂಪು, ಮುಂದಿನ ಆಕ್ಸಲ್ ಮೂರೂ ಅಪಾಯಕ್ಕೆ ಸಿಗುತ್ತವೆ.

ಕಾರವಾರ, ಕುಮಟಾ, ಹೊನ್ನಾವರದ ಕಡೆಯವರು ಇದನ್ನು ಓದುತ್ತಿದ್ದರೆ: ಉಪ್ಪುಗಾಳಿಗೆ ಸಿಲಿಂಡರ್ ರಾಡಿನ ಕ್ರೋಮ್ ಚುಕ್ಕೆ ಚುಕ್ಕೆಯಾಗಿ ಏಳುತ್ತದೆ, ಆ ಚುಕ್ಕೆ ಸೀಲನ್ನು ಕೊಯ್ಯುತ್ತದೆ. ನಿಲ್ಲಿಸುವಾಗ ಬೂಮ್ ನೆಲಕ್ಕಿಳಿಸಿ, ಹೊರಗೆ ಕಾಣುವ ರಾಡಿಗೆ ಗ್ರೀಸ್ ಸವರಿ.

ತೋಟದಲ್ಲಿ ಗಿಡದ ಅಂತರ 9 ಅಡಿ ಇದ್ದರೂ ತುಂಬಿದ ಲೋಡರ್ ಸಾಲಿನೊಳಗೆ ಬೇಡ. ಅಡಿಕೆ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಹಸಿ ನೆಲದಲ್ಲಿ ಮುಂದಿನ ಸಣ್ಣ ಟೈರು ಅದನ್ನು ಅದುಮುತ್ತದೆ, ಕಾದಿಗೆಯ (ತೋಟದ ನೀರು ಬಸಿಯುವ ಕಾಲುವೆಯ) ದಂಡೆಯೂ ಕುಸಿಯುತ್ತದೆ. ಗೊಬ್ಬರಗುಂಡಿಯಲ್ಲಿ ಟ್ರೇಲರ್ ತುಂಬಲು ಲೋಡರ್ ಇರಲಿ. ಇಳಿಜಾರಿನಲ್ಲಿ ಬಕೆಟ್ ನೆಲದಿಂದ ಒಂದಡಿಗಿಂತ ಮೇಲೆ ಬೇಡ, ಭಾರದ ತುದಿ ಯಾವಾಗಲೂ ಏರಿನ ಕಡೆಗಿರಲಿ: ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್.